ನಾನು ಕೇಳಿ ತಂದ ಟಾಲ್ ಸಸಿ

ಟಾಲ್ ಎಂಬ ಇಂಗ್ಲಿಷ್ ಪದದ ಅರ್ಥ ನನಗೆ ತಿಳಿದದ್ದು ಚಾಮರಾಜಪೇಟೆಯ ಒಂದು ಶಾಲೆಯಲ್ಲಿ. ಆ ಕಾಲಕ್ಕೆ ನಮಗೆ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೇ ತರಗತಿಯಲ್ಲಿ. ಮೇಷ್ಟರು ಪದಗಳನ್ನು ಬಾಯಿಪಾಠ ಮಾಡಿಸುತ್ತಿರಲಿಲ್ಲ, ಕಣ್ಣಿಗೆ ತೋರಿಸಿ ಕಲಿಸುವವರು. ಒಂದು ದಿನ ತರಗತಿಯ ಎಲ್ಲರಿಗಿಂತ ಎತ್ತರದ ಹುಡುಗನನ್ನು ಬೋರ್ಡಿನ ಮುಂದೆ ಕರೆದು ನಿಲ್ಲಿಸಿದರು. ಅವನ ಪಕ್ಕಕ್ಕೆ ನನ್ನನ್ನು ಕರೆದರು. ಬೆತ್ತದ ತುದಿಯನ್ನು ಅವನ ಕಡೆ ಚಾಚಿ ‘ಹೀ ಈಸ್ ಟಾಲ್’ ಎಂದರು. ನನ್ನ ಕಡೆ ಚಾಚಿ ‘ಹೀ ಈಸ್ ಶಾರ್ಟ್’ ಎಂದರು. ಇಡೀ ತರಗತಿ ರಾಗವಾಗಿ ಹೇಳಿತು. ಹಿಂದಿನ ಬೆಂಚಿನವರಿಗೆ ಸರಿಯಾಗಿ ಬರಲಿಲ್ಲವೆಂದು ಮತ್ತೆ ಹೇಳಿಸಿದರು. ಪೀರಿಯಡ್ಡಿನ ಗಂಟೆ ಹೊಡೆಯುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಅವನು ನಗುತ್ತಿದ್ದ. ನಾನೂ ನಕ್ಕೆ ಅಂತ ಕಾಣುತ್ತದೆ.

ಮೇಷ್ಟರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಶಾಲೆಯಲ್ಲಿ ನನ್ನ ಹೆಸರು ‘ಶಾರ್ಟು’ ಎಂದೇ ಉಳಿಯಿತು. ಆಮೇಲೆ ಓದು ಮುಂದುವರಿಯಲಿಲ್ಲ. ಕಾಟನ್‌ಪೇಟೆಯ ಒಂದು ಹೋಲ್‌ಸೇಲ್ ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸಕ್ಕೆ ಸೇರಿ, ಅಲ್ಲೇ ತಲೆ ನರೆಸಿಕೊಂಡೆ. ಬಿಲ್ ಬರೆಯುವವನು ಯಾವಾಗಲೂ ಕೂತಿರುತ್ತಾನೆ. ಆ ಅನುಕೂಲವನ್ನು ನಾನು ಯಾರಿಗೂ ಹೇಳದೆ ಅನುಭವಿಸಿದೆ.

ಇಷ್ಟನ್ನು ಮೊದಲೇ ಹೇಳುವುದು ಕ್ಷಮೆ ಗಿಟ್ಟಿಸಿಕೊಳ್ಳಲಿಕ್ಕಲ್ಲ. ಮುಂದೆ ನಾನು ಪಕ್ಕದ ಮನೆಯವರಿಗೆ ಮಾಡಿದ್ದು ಎಲ್ಲಿಂದ ಶುರುವಾಯಿತು ಎಂದು ತಿಳಿಯಲಿ ಎಂದಷ್ಟೆ.

ಎನ್.ಆರ್. ಕಾಲೋನಿಯ ನಮ್ಮ ಮನೆ ಅಪ್ಪನ ಕಾಲದ್ದು. ಮದುವೆಯಾದ ಹೊಸದರಲ್ಲಿ ಹಿತ್ತಲಿಗೊಂದು ತೆಂಗಿನ ಸಸಿ ಬೇಕೆಂದು ನನ್ನ ಹೆಂಡತಿ ಹಟ ಹಿಡಿದಳು. ಒಂದು ಭಾನುವಾರ ಇಬ್ಬರೂ ಲಾಲ್‌ಬಾಗಿನ ನರ್ಸರಿಗೆ ಹೋದೆವು. ಸಸಿ ಕೊಡುವವನು ಕೇಳಿದ, “ಟಾಲ್ ಬೇಕಾ ಸಾರ್, ಡ್ವಾರ್ಫ್ ಬೇಕಾ?”

ಡ್ವಾರ್ಫ್ ಅಂದರೆ ಏನೆಂದು ಹೆಂಡತಿ ಕೇಳಿದಳು. ಗಿಡ್ಡ ಜಾತಿ, ಬೇಗ ಕಾಯಿ ಬಿಡುತ್ತದೆ, ಮನೆ ಹಿತ್ತಲಿಗೆ ಒಳ್ಳೆಯದು ಎಂದು ಅವನು ವಿವರಿಸಿದ.

“ಅದೇ ತಗೊಳ್ರಿ. ಸ್ಟೂಲ್ ಹಾಕ್ಕೊಂಡು ನಾನೇ ಕಾಯಿ ಕಿತ್ಕೊಬಹುದು,” ಎಂದಳು.

“ಮನೇಲಿ ಗಿಡ್ಡದ್ದು ಒಂದಿದೆಯಲ್ಲ, ಸಾಲ್ದಾ?” ಎಂದೆ. ಅವಳು ನಕ್ಕಳು. ನರ್ಸರಿಯವನೂ ನಕ್ಕ. ನಗುತ್ತಲೇ ನಾನು, “ಟಾಲೇ ಕೊಡಪ್ಪ,” ಎಂದೆ.

ಆ ಪದ ನನ್ನ ಬಾಯಿಂದ ಹೊರಟು ನನ್ನದೇ ಆದದ್ದು ಅವತ್ತು. ಸಸಿಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ಎದೆಮಟ್ಟ ಎಂದರೆ ಬೇರೆಯವರ ಎದೆಮಟ್ಟ, ನನಗೆ ಗಲ್ಲದವರೆಗೆ ಬರುತ್ತದೆ. ಆ ಕಡೆ ಇದ್ದವರು, ಈಗಲೂ ಇರುವವರು, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಟೀಚರ್. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ನಾವು ಅವರನ್ನು ಕರೆಯುವುದೂ ಟೀಚರ್ ಎಂದೇ. ನನ್ನ ಹೆಂಡತಿಗೂ ಅವರಿಗೂ ಗೋಡೆಯ ಮೇಲೆ ಹುಳಿಯ ಪಾತ್ರೆ, ಪಲ್ಯದ ಬಟ್ಟಲು ಓಡಾಡುವಷ್ಟು ಸ್ನೇಹ. ನಾನು ಗೋಡೆಗೆ ಅಂಟಿದಂತೆ ಗುಂಡಿ ತೋಡುತ್ತಿದ್ದದ್ದನ್ನು ನೋಡಿ ಅವರು ಹತ್ತಿರ ಬಂದರು.

“ಗೋಡೆಯಿಂದ ಸ್ವಲ್ಪ ಆಚೆಗೆ ಹಾಕಬಾರದಾ ಯಜಮಾನ್ರೇ? ದೊಡ್ಡದಾಗತ್ತಲ್ವಾ ಅದು.”

“ಏನೂ ಆಗಲ್ಲ ಟೀಚರ್. ತೆಂಗು ನೆಟ್ಟಗೆ ಹೋಗತ್ತೆ.”

ಈಚೆಗೆ ಹಾಕಿದರೆ ನನ್ನ ಸ್ಕೂಟರ್ ನಿಲ್ಲಿಸಲು ಜಾಗ ಇರುತ್ತಿರಲಿಲ್ಲ. ಅದನ್ನು ಹೇಳಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ.

ಮರ ನೆಟ್ಟಗೆ ಹೋಗಲಿಲ್ಲ. ನಮ್ಮ ಮನೆಯ ಮಹಡಿ ಎದ್ದಾಗ ಅದಕ್ಕೆ ಈ ಕಡೆ ಬಿಸಿಲು ಕಡಿಮೆಯಾಯಿತು. ಅದು ಬಿಸಿಲು ಹುಡುಕಿಕೊಂಡು ಟೀಚರ ಹಿತ್ತಲಿನ ಮೇಲೆ ಬಾಗುತ್ತಾ ಬೆಳೆಯಿತು. ಬುಡ ನಮ್ಮದು, ತಲೆ ಅವರದು. ಕಾಯಿ ಬಿಡಲು ಶುರುವಾದ ಮೇಲೆ ಉದುರಿದ್ದೆಲ್ಲ ಆ ಕಡೆಗೇ. ನಮ್ಮ ಬೀದಿಯ ವಾಡಿಕೆಯಂತೆ ಯಾರ ಕಾಂಪೌಂಡಿನಲ್ಲಿ ಬಿತ್ತೋ ಕಾಯಿ ಅವರದು. ಆದರೆ ಟೀಚರ್ ಒಂದನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಗೋಡೆಯ ಮೇಲೆ ಸಾಲಾಗಿ ಜೋಡಿಸಿಡುತ್ತಿದ್ದರು. ನಾವು ಬಲವಂತ ಮಾಡಿ ಎರಡು ಕೊಟ್ಟರೆ, ಮಾರನೆಯ ದಿನ ಅದು ಕೊಬ್ಬರಿ ಮಿಠಾಯಿಯಾಗಿ ವಾಪಸ್ಸು ಬರುತ್ತಿತ್ತು. ಏಲಕ್ಕಿ ಸ್ವಲ್ಪ ಮುಂದಾಗಿ, ಅಂಚಿನಲ್ಲಿ ಕೆಂಪಗೆ ಹಿಡಿದಿರುತ್ತಿದ್ದ ಆ ಮಿಠಾಯಿಯನ್ನು ತಿನ್ನುತ್ತಾ ನಾನು ಪ್ರತಿ ಸಲ ಅಂದುಕೊಳ್ಳುತ್ತಿದ್ದೆ: ನಮ್ಮ ಮರ ಕಂಡರೆ ಟೀಚರಿಗೆ ಎಷ್ಟು ಪ್ರೀತಿ.

ಮರ್ಯಾದೆಯನ್ನು ಒಪ್ಪಿಗೆ ಎಂದು ಓದಿಕೊಂಡೆ. ನಮ್ಮಂಥ ಬೀದಿಗಳಲ್ಲಿ ಈ ತಪ್ಪು ಮಾಡುವುದು ಬಹಳ ಸುಲಭ. ಇಲ್ಲಿ ಕೋಪ ಬಂದವರೂ ಬಟ್ಟಲನ್ನು ಖಾಲಿ ಕಳಿಸುವುದಿಲ್ಲ.

ಮನೆಗೆ ಬಂದವರನ್ನೆಲ್ಲ ಹಿತ್ತಲಿಗೆ ಕರೆದುಕೊಂಡು ಹೋಗಿ ಮರ ತೋರಿಸುತ್ತಿದ್ದೆ. “ಟಾಲ್ ಜಾತಿ ಇದು,” ಎನ್ನುತ್ತಿದ್ದೆ. ಬಂದವರು ಕತ್ತೆತ್ತಿ ನೋಡುತ್ತಿದ್ದರು. ಅವರ ಕತ್ತು ಹಿಂದಕ್ಕೆ ಬಾಗುತ್ತಾ ಹೋಗುವುದನ್ನು ನಾನು ನೋಡುತ್ತಿದ್ದೆ. ಮನೆಗೆ ದಾರಿ ಕೇಳಿದವರಿಗೆ, “ರೋಡಿಗೆ ಬಂದು ತಲೆ ಎತ್ತಿ, ಎಲ್ಲಕ್ಕಿಂತ ಟಾಲ್ ಮರ ಇರೋದೇ ನಮ್ಮನೆ,” ಎಂದು ಹೇಳುತ್ತಿದ್ದೆ. ಎಂಥ ಚೇಷ್ಟೆ ಎಂದು ಹೆಂಡತಿ ತಲೆ ಚಚ್ಚಿಕೊಳ್ಳುತ್ತಿದ್ದಳು.

ಮೊದಲೆಲ್ಲ ಕಾಯಿ ಕೀಳುವವರು ಸೈಕಲ್ಲಿನಲ್ಲಿ ಬೀದಿ ಬೀದಿ ಕೂಗಿಕೊಂಡು ಬರುತ್ತಿದ್ದರು. ಬರಬರುತ್ತಾ ಅವರು ಕಡಿಮೆಯಾದರು. ಸಿಕ್ಕವರೂ ನಮ್ಮ ಮರದ ಬುಡದಲ್ಲಿ ನಿಂತು ಮೇಲೆ ನೋಡಿ, ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದರು. ಹೀಗಾಗಿ ಕಾಯಿ ತಾನಾಗಿ ಬಲಿತು, ಒಣಗಿ, ತನಗೆ ತೋಚಿದ ಹೊತ್ತಿಗೆ ಬೀಳಲು ಶುರುವಾಯಿತು. ಒಂದು ಸಲ ಟೀಚರ ತುಳಸಿಕಟ್ಟೆಯ ಮೂಲೆ ಒಡೆಯಿತು. ನಾನು ಗಾರೆಯವನನ್ನು ಕರೆದುಕೊಂಡು ಹೋಗಿ ಸರಿಮಾಡಿಸಿದೆ. “ತುಳಸಮ್ಮ ನಿಮ್ಮನ್ನ ಕಾಪಾಡಿದಳು ಬಿಡಿ,” ಎಂದು ನಕ್ಕೆ. ಟೀಚರೂ ನಕ್ಕರು. ಗಾರೆಯವನಿಗೆ ಕಾಫಿ ಕೊಟ್ಟರು.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಹೋದ ವರ್ಷ ಒಂದು ಬೆಳಿಗ್ಗೆ ನೀರಿನ ಟ್ಯಾಂಕ್ ತುಂಬಿದೆಯೇ ನೋಡಲು ತಾರಸಿಗೆ ಹೋಗಿದ್ದೆ. ಕೆಳಗೆ ಟೀಚರ ಹಿತ್ತಲಲ್ಲಿ ಪಾರಿಜಾತದ ಹೂವು ನೆಲದ ತುಂಬ ಬಿದ್ದಿತ್ತು. ಟೀಚರ್ ಬುಟ್ಟಿ ಹಿಡಿದು ಬಗ್ಗಿ ಆರಿಸುತ್ತಿದ್ದರು. ಅವರ ತಲೆಯ ಮೇಲೆ ಹೆಲ್ಮೆಟ್ ಇತ್ತು. ಅವರ ಮಹಡಿಯಲ್ಲಿ ಮಗಳ ಜೊತೆ ಇರುವ ಅಳಿಯನ ಹಳೆಯ ಕೆಂಪು ಹೆಲ್ಮೆಟ್. ಗಲ್ಲದ ಕೆಳಗೆ ಪಟ್ಟಿಯನ್ನೂ ಹಾಕಿಕೊಂಡಿದ್ದರು. ಮಡಿಸೀರೆ, ಕೈಯಲ್ಲಿ ಹೂಬುಟ್ಟಿ, ತಲೆಗೆ ಹೆಲ್ಮೆಟ್. ಬೇಗ ಬೇಗ ಆರಿಸಿ, ಒಮ್ಮೆ ಮೇಲೆ ನೋಡಿ, ಬಾಗಿಲ ಕಡೆ ಹೆಚ್ಚುಕಡಿಮೆ ಓಡಿದರು.

ಮೊದಲು ನಗು ಬಂತು. ಆಮೇಲೆ ಅರ್ಥವಾಯಿತು. ಅರ್ಥವಾದ ಮೇಲೆ ನಾನು ಮಾಡಿದ್ದು ಇಷ್ಟೇ: ಟ್ಯಾಂಕಿನ ಮುಚ್ಚಳ ಹಾಕಿ, ಸದ್ದಾಗದಂತೆ ಕೆಳಗಿಳಿದು ಬಂದೆ. ಹೆಂಡತಿಗೆ ಹೇಳಲಿಲ್ಲ. ಮರ ಕಡಿಸಬೇಕು ಎಂಬ ಮಾತು ಮನಸ್ಸಿಗೆ ಬಂದಾಗಲೆಲ್ಲ, ಅವರೇ ಬಾಯಿಬಿಟ್ಟು ಕೇಳಲಿ, ಕೇಳಿದ ದಿನ ನೋಡೋಣ ಎಂದು ತಳ್ಳಿಬಿಡುತ್ತಿದ್ದೆ. ಕೇಳುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಮಳೆಗಾಲ, ಒಂದು ಚಳಿಗಾಲ ಹೀಗೇ ಕಳೆದೆ. ಆ ಹೆಂಗಸು ತಮ್ಮ ಹಿತ್ತಲಿನಲ್ಲಿ ತಾವೇ ಪ್ರಾಣ ಕೈಯಲ್ಲಿ ಹಿಡಿದು ಓಡಾಡುತ್ತಿದ್ದರೆ, ನಾನು ಈ ಕಡೆ ಪೇಪರ್ ಓದುತ್ತಾ ಕೂತಿದ್ದೆ.

ಈ ವರ್ಷ ಮಳೆ ಶುರುವಾಗುವ ಮುಂಚೆ ಒಬ್ಬ ಫ್ಯಾಬ್ರಿಕೇಷನ್ ಹುಡುಗ ಟೇಪು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದ. ಪಕ್ಕದ ಮನೆಯವರು ಹಿತ್ತಲಿನ ಮೇಲೆ ಪೂರ್ತಿ ತಗಡಿನ ಶೀಟ್ ಹಾಕಿಸುತ್ತಿದ್ದಾರೆ, ಕಂಬವನ್ನು ನಡುಗೋಡೆಯ ಮೇಲೆ ಕೂರಿಸಬೇಕು, ನಿಮ್ಮ ಒಪ್ಪಿಗೆ ಬೇಕು ಎಂದ. ಅವನ ಹಿಂದೆಯೇ ಟೀಚರ್ ಬಂದರು.

“ಮಳೇಲಿ ಬಟ್ಟೆ ಒಣಗಲ್ಲ ನೋಡಿ ಯಜಮಾನ್ರೇ. ಅದಕ್ಕೆ ಅಂತ,” ಎಂದರು. ನನ್ನ ಮುಖ ನೋಡಲಿಲ್ಲ.

ಮಹಡಿಯ ಮೇಲೆ ಅವರ ಮಗಳ ಮನೆಯಲ್ಲಿ ಬಟ್ಟೆ ಒಣಗಿಸುವ ಯಂತ್ರವೇ ಇದೆ. ನನಗೂ ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು. ಆದರೂ ನಾನು, “ಒಳ್ಳೇ ಐಡಿಯಾ ಟೀಚರ್. ಧಾರಾಳವಾಗಿ ಹಾಕಿಸಿ,” ಎಂದೆ. ಎಂದವನೇ ಒಳಗೆ ಬಂದು ಕೂತೆ. ಎದೆಯ ಮೇಲಿನ ಭಾರ ಇಳಿದಂತಾಯಿತು, ಅದನ್ನು ಮುಚ್ಚಿಡುವುದಿಲ್ಲ. ಶೀಟ್ ಬಂದರೆ ಅವರ ತಲೆ ಉಳಿಯಿತು, ನನ್ನ ಮರವೂ ಉಳಿಯಿತು.

ಹೆಂಡತಿ ಹುರುಳಿಕಾಯಿ ನಾರು ತೆಗೆಯುತ್ತಾ ಎಲ್ಲ ಕೇಳಿಸಿಕೊಂಡಿದ್ದಳು.

“ಶೀಟ್ ಹಾಕಿದ್ರೆ ಪಾರಿಜಾತ ಏನಾಗತ್ತೆ?” ಎಂದಳು.

“ಏನಾಗತ್ತೆ?”

“ತೆಗೀಬೇಕಾಗತ್ತೆ. ಅದರ ತಲೆ ಮೇಲೇ ಬರತ್ತೆ ಶೀಟು. ದಾಸವಾಳಾನೂ ಹೋಯ್ತು. ತುಳಸಿಗೆ ಬಿಸಿಲು ಬೀಳಲ್ಲ.” ಇನ್ನೊಂದು ಕಾಯಿಯ ನಾರು ಎಳೆದು, “ಬೆಳಗ್ಗೆ ಎದ್ರೆ ಆ ಹಿತ್ತಲು ಬಿಟ್ರೆ ಟೀಚರಿಗೆ ಬೇರೆ ಏನಿದೆ ರೀ,” ಎಂದಳು.

“ಅವರಾಗೇ ಹಾಕಿಸ್ತಿರೋದು. ನಾನೇನು ಮಾಡ್ಲಿ?”

“ನೀವೇನು ಮಾಡ್ಬೇಕೂಂತ ನನ್ನನ್ನ ಕೇಳ್ತೀರಾ? ಹೆಲ್ಮೆಟ್ ಹಾಕ್ಕೊಂಡು ಹೂವು ಕೀಳ್ತಾರೆ ಅವರು. ನಿಮಗೆ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು.”

“ನನಗೆ ಗೊತ್ತು,” ಎಂದೆ.

ಅವಳ ಕೈ ನಿಂತಿತು. “ಯಾವಾಗಿಂದ?”

ಹೇಳಿದೆ. ಅವಳು ಹುರುಳಿಕಾಯಿಯ ತಟ್ಟೆ ಎತ್ತಿಕೊಂಡು ಅಡಿಗೆಮನೆಗೆ ಹೋದಳು. ಜೊತೆಗೆ ಬಾಳಿದ ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಬೈದದ್ದು ಬೇಕಾದಷ್ಟಿದೆ; ಅದು ನನಗೆ ಒಗ್ಗಿಹೋಗಿದೆ. ಬೈಯದೆ ಎದ್ದು ಹೋದದ್ದನ್ನು ತಡೆದುಕೊಳ್ಳಲು ಆಗಲಿಲ್ಲ. ಆ ದಿನ ಮಧ್ಯಾಹ್ನ ಊಟಕ್ಕೆ ಬಡಿಸಿ, ತಾನು ಆಚೆ ಕೂತು ಉಂಡಳು.

ಮಾರನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಶರಟು ಹಾಕಿಕೊಂಡು ಟೀಚರ ಮನೆಗೆ ಹೋದೆ. ಗೋಡೆಯ ಈ ಕಡೆಯಿಂದ ಕೂಗಿ ಹೇಳುವ ಮಾತಲ್ಲ ಎಂದು ಬೀದಿ ಸುತ್ತಿ, ಮುಂಬಾಗಿಲಿಂದಲೇ ಹೋದೆ. ಅವರು ಕಣ್ಣಿಗೆ ಕನ್ನಡಕ ಏರಿಸಿಕೊಂಡು ಪೇಪರಿನ ಪದಬಂಧ ತುಂಬುತ್ತಿದ್ದರು.

“ಏನಿದು, ಹೀಗೆ ಬೀಗರ ಥರಾ ಬಂದಿದೀರಿ?”

“ಟೀಚರ್, ಶೀಟ್ ಬೇಡ.”

“ಯಾಕೆ? ನಿನ್ನೆ ಒಳ್ಳೇ ಐಡಿಯಾ ಅಂದ್ರಲ್ಲ.”

“ಮರ ಕಡಿಸ್ತೀನಿ.”

ಅವರು ಪೇಪರ್ ಮಡಿಸಿಟ್ಟರು. “ನಿಮ್ಮ ಹೆಂಡತಿ ಬಾಯಿಬಿಟ್ಲಾ?”

“ಇಲ್ಲ. ಹೋದ ವರ್ಷವೇ ನೋಡಿದೆ. ತಾರಸಿಯಿಂದ. ಹೆಲ್ಮೆಟ್ಟು.”

ಟೀಚರ್ ಕೈಯಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಲುಕಿದವು. ನಗುತ್ತಿದ್ದರು. “ಅಯ್ಯೋ ನಿಮ್ಮ. ಹೇಗ್ ಕಾಣ್ತಿದ್ದೆ?”

“ಟ್ರಾಫಿಕ್ ಪೊಲೀಸ್ನೋರು ಯಾರೂ ಹಿಡೀತಿರಲಿಲ್ಲ.”

ಅದಕ್ಕೂ ನಕ್ಕರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸುತ್ತಾ ಒರೆಸುತ್ತಾ ನಗು ಹೋಯಿತು.

“ನೋಡಿದವರು ಯಾಕೆ ಸುಮ್ನಿದ್ರಿ?”

ಆ ಪ್ರಶ್ನೆಗೆ ಉತ್ತರ ಹೇಳಲೆಂದೇ ಹೋಗಿದ್ದೆ. ಐದನೇ ತರಗತಿಯ ಬೋರ್ಡಿನಿಂದ ಹಿಡಿದು ನರ್ಸರಿಯವರೆಗೆ ಎಲ್ಲ ಹೇಳಿದೆ. ಇಷ್ಟು ವಯಸ್ಸಾದ ಗಂಡಸು ಹೇಳಿಕೊಳ್ಳುವ ಮಾತಲ್ಲ ಅದು. ನನ್ನಲ್ಲಿ ಎತ್ತರ ಅಂತ ಇದ್ದದ್ದು ಆ ಮರ ಒಂದೇ ಟೀಚರ್, ಅದಕ್ಕೆ ಸುಮ್ಮನಿದ್ದೆ, ನಿಮ್ಮ ತಲೆಗಿಂತ ಅದು ಹೆಚ್ಚಾಗಿಬಿಟ್ಟಿತು ಎಂದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು.

“ನಾನೂ ಹಾಗೇ ಕಲಿಸಿದೀನಿ,” ಎಂದರು ಕೊನೆಗೆ. “ಇಬ್ಬರು ಹುಡುಗೀರನ್ನ ಅಕ್ಕಪಕ್ಕ ನಿಲ್ಲಿಸಿ. ಬೇಗ ಅರ್ಥ ಆಗತ್ತೆ ಅಂತ. ಆ ಇನ್ನೊಂದು ಹುಡುಗಿ ಮನೆಗೆ ಹೋಗಿ ಏನು ಮಾಡಿದಳೋ, ನಾನು ಯಾವತ್ತೂ ಯೋಚನೆ ಮಾಡ್ಲಿಲ್ಲ.”

ಆಮೇಲೆ ಟೀಚರ ಧ್ವನಿಗೆ ಅವರ ಹಳೆಯ ಕೆಲಸ ವಾಪಸ್ಸು ಬಂತು. “ಅಷ್ಟು ವರ್ಷ ಟಾಲ್ ಟಾಲ್ ಅಂತ ತಿರುಗಿದ್ರಲ್ಲ, ಹೈ ಅನ್ನೋದಕ್ಕೂ ಅದಕ್ಕೂ ಏನು ವ್ಯತ್ಯಾಸ ಹೇಳಿ ನೋಡೋಣ.”

“ನನ್ನದು ಎಸ್ಸೆಸ್ಸೆಲ್ಸಿ ಟೀಚರ್.”

“ಅದಕ್ಕೇ ಹೇಳ್ತಿರೋದು. ಬುಡದಿಂದ ತುದಿವರೆಗೆ ಅದರದ್ದೇ ಮೈಯಿದ್ದು ಉದ್ದಕ್ಕೆ ನಿಂತಿದ್ರೆ ಟಾಲ್. ಮನುಷ್ಯ, ಮರ, ಕಂಬ. ನೆಲದಿಂದ ಎಷ್ಟು ಮೇಲಿದೆ ಅಂತ ಹೇಳೋದಾದ್ರೆ ಹೈ. ಮೋಡ, ಗಾಳಿಪಟ, ಗೂಡು. ನಿಮ್ಮ ಮರ ಟಾಲು, ಅದರ ಮೇಲೆ ನನಗೇನೂ ಬೇಜಾರಿಲ್ಲ. ಕಾಯಿ ಹೈನಲ್ಲಿತ್ತು. ನನಗೆ ಭಯ ಇದ್ದದ್ದು ಅದರದು.”

“ಒಂದು ಮಾತು ಕೇಳ್ಬೋದಿತ್ತಲ್ಲ ಟೀಚರ್ ನೀವು.”

“ಹೇಗ್ ಕೇಳ್ಲಿ? ಕಾಯಿ ತುಂಬಿರೋ ಮರಾನ ನನ್ನ ಸಲುವಾಗಿ ಕಡೀರಿ ಅಂತ ಯಾವ ಬಾಯಲ್ಲಿ ಕೇಳ್ಲಿ? ನಾಳೆ ನಿಮ್ಮ ಮನೇಲಿ ಯಾರಿಗಾದ್ರೂ ತಲೆನೋವು ಬಂದ್ರೂ ನಾನು ಕೇಳಿದ್ದಕ್ಕೇ ಅಂತ ನನಗೆ ಅನ್ಸಲ್ವಾ?”

ಇದೇ ಭಯ ನಮ್ಮ ಮನೆಯಲ್ಲೂ ಇತ್ತು. ಫಲ ಕೊಡುವ ತೆಂಗಿಗೆ ಕೊಡಲಿ ಹಾಕಿಸುವುದು ಯಾರಿಗೂ ಹಗುರವಾದ ಕೆಲಸವಲ್ಲ. ಮರ ಕಡಿಯುವವರು ಬಂದ ದಿನ ನನ್ನ ಹೆಂಡತಿ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಒಂದು ಚೊಂಬು ನೀರು ಹಾಕಿದಳು. ನಾನು ತೊಗಟೆಯ ಮೇಲೆ ಕೈಯಿಟ್ಟು ನಿಂತೆ. ಏನು ಬೇಡಿಕೊಂಡೆ ಎಂದು ಬರೆಯುವುದಿಲ್ಲ. ಮರದ್ದು ತಪ್ಪಿರಲಿಲ್ಲ ಎಂಬುದನ್ನು ಮಾತ್ರ ಹೇಳಿದೆ.

ಅಕ್ಕಪಕ್ಕ ಮನೆಗಳಿದ್ದದ್ದರಿಂದ ಮರವನ್ನು ಉರುಳಿಸುವಂತಿರಲಿಲ್ಲ. ಒಬ್ಬ ಮೇಲೆ ಹತ್ತಿ, ಮೊದಲು ಕಾಯಿಯ ಗೊನೆ, ಆಮೇಲೆ ಗರಿ, ಆಮೇಲೆ ತುದಿಯಿಂದ ತುಂಡು ತುಂಡಾಗಿ ಕೊಯ್ದು ಹಗ್ಗದಲ್ಲಿ ಇಳಿಸಿದ. ಕೆಳಗೆ ಇಬ್ಬರು ಹಗ್ಗ ಹಿಡಿದಿದ್ದರು. ಟೀಚರ್ ಎಲ್ಲರಿಗೂ ಉಪ್ಪಿಟ್ಟು ಮಾಡಿ ತಂದರು. ಮಹಡಿಯಿಂದ ಅವರ ಮಗಳು, “ಅಮ್ಮಾ, ಒಳಗಡೆ ಹೋಗು, ಮೇಲಿಂದ ಏನಾದ್ರೂ ಬಿದ್ದೀತು,” ಎಂದು ಕೂಗುತ್ತಲೇ ಇದ್ದಳು. ಮಧ್ಯಾಹ್ನದ ಹೊತ್ತಿಗೆ ನಮ್ಮ ಹಿತ್ತಲಿನಲ್ಲಿ ಮೋಟು ಉಳಿಯಿತು. ಮರದ ಎತ್ತರ ನೆಲದ ಮೇಲೆ ಅಡ್ಡಡ್ಡ ಬಿದ್ದಿತ್ತು. ಅದನ್ನು ನಾನು ಒಂದೇ ಹೆಜ್ಜೆಗೆ ಸಲೀಸಾಗಿ ದಾಟಿದೆ. ದಾಟಿ ಹೋಗಿ ಮುಖ ತೊಳೆದುಕೊಂಡೆ.

ಹೋಗುವ ಮುಂಚೆ ಕಡಿಯುವವನು ತುದಿಯ ತುಂಡನ್ನು ಸೀಳಿ, ಒಳಗಿನ ಎಳೆಯ ಸುಳಿಯನ್ನು ತೆಗೆದುಕೊಟ್ಟ. ಬೆಣ್ಣೆಯಂಥ ಬಿಳಿ. ಮರ ಬದುಕಿರುವಾಗ ಇದು ಯಾರಿಗೂ ಸಿಗುವುದಿಲ್ಲ, ತೆಗೆದರೆ ಮರ ಉಳಿಯುವುದಿಲ್ಲ. ಟೀಚರ್ ತಟ್ಟೆ, ಚಾಕು ತಂದು ಅವರ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟರು. ನಾವು ಮೂವರೂ ಅವರ ಹಿತ್ತಲಲ್ಲಿ ಕೂತೆವು. ನಾನು ನೋಡುತ್ತಾ ಕೂತಿದ್ದೆ.

“ತಿನ್ರಿ. ಅದೂ ನೀವೇ ಬೆಳೆಸಿದ್ದು,” ಎಂದಳು ನನ್ನ ಹೆಂಡತಿ. ಹಿಂದಿನ ವಾರದಿಂದ ಅವಳು ನನ್ನ ಜೊತೆ ಆಡಿದ ಮೊದಲ ಉದ್ದನೆಯ ಮಾತು ಅದು.

ತಿಂದೆ. ಸಿಹಿಯಾಗಿತ್ತು. ಎಳನೀರಿನ ಗಂಜಿಯಷ್ಟು ಸಿಹಿಯಲ್ಲ, ಹಾಲಿನ ಸಿಹಿ. ಟೀಚರ್ ಒಂದು ತುಂಡನ್ನು ಬಹಳ ಹೊತ್ತು ಅಗಿದು, “ಉಪ್ಪು ಮೆಣಸಿನಪುಡಿ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು,” ಎಂದರು. ಹೆಂಡತಿ ಎದ್ದು ತರಲು ಹೋದಳು.

ನನ್ನ ತಪ್ಪು ಅವತ್ತಿಗೆ ತೀರಿತೆಂದು ನಾನು ಅಂದುಕೊಂಡಿಲ್ಲ. ಒಂದು ವರ್ಷ ಒಬ್ಬರು ಹೆದರಿಕೊಂಡು ಹೂವು ಆರಿಸಿದ್ದನ್ನು ಮರ ಕಡಿಸಿ ವಾಪಸ್ಸು ಕೊಡಲಾಗುವುದಿಲ್ಲ. ಈಗಲೂ ಬೀದಿಯ ತಿರುವಿನಲ್ಲಿ ನನ್ನ ಕಣ್ಣು ಮೇಲೆ ಹೋಗುತ್ತದೆ. ಅಲ್ಲಿ ಬರೀ ಆಕಾಶವಿದೆ.

ಮರ ಹೋದ ಮಾರನೆಯ ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ. ಗೋಡೆಯ ಆ ಕಡೆ ಪೊರಕೆಯ ಸದ್ದು ಕೇಳಿತು, ಆಮೇಲೆ ನಿಂತಿತು. ಬುಟ್ಟಿ ನೆಲಕ್ಕೆ ಇಟ್ಟ ಸದ್ದು. ಆಮೇಲೆ ಟೀಚರ್ ಒಗೆಯುವ ಕಲ್ಲಿನ ಮೇಲೆ ಉಸ್ಸೆಂದು ಕೂತದ್ದು ಕೇಳಿತು. ನಾನು ಇಣುಕಲಿಲ್ಲ. ಮಹಡಿಯಿಂದ ಮಗಳು ಕೂಗಿದಳು, “ಅಮ್ಮಾ, ಕಾಫಿ ಆರಿಹೋಗ್ತಿದೆ.”

“ಬಂದೆ ಇರೇ,” ಎಂದರು ಟೀಚರ್.

ಮಗಳು ಮತ್ತೊಮ್ಮೆ ಕೂಗಿದಳು. ಟೀಚರ್ ಮತ್ತೆ, “ಬಂದೆ,” ಎಂದರು. ಕೂತಲ್ಲಿಂದ ಎದ್ದ ಸದ್ದು ಮಾತ್ರ ಕೇಳಲಿಲ್ಲ.